ಉಸಿರು ಎಣಿಸಲು ಕಲಿಸುವ ಖರ್ಚು

ಬೆಳಿಗ್ಗೆ ಒಂಬತ್ತೂವರೆ. ಓಕಳಿಪುರಂನ ರೈಲ್ವೆ ಅಂಡರ್‌ಪಾಸಿನಲ್ಲಿ ಬಸ್ಸು, ಆಟೊ, ಬೈಕುಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ನಿಂತಿವೆ. ತಲೆಯ ಮೇಲಿನ ಹಳಿಯಲ್ಲಿ ರೈಲೊಂದು ಪ್ಲಾಟ್‌ಫಾರಂ ಖಾಲಿಯಾಗಲಿ ಎಂದು ಕಾಯುತ್ತ ತೆವಳುತ್ತಿದೆ. ಈ ಗದ್ದಲ ದಾಟಿ ಅಡ್ಡರಸ್ತೆಗೆ ತಿರುಗಿ, ಅಲ್ಲಿಂದ ಇನ್ನೂ ಕಿರಿದಾದ ಓಣಿಗೆ ಇಳಿಯಿರಿ. ಇಲ್ಲಿಗೆ ಆಟೊ ಬರುವುದಿಲ್ಲ. ಎದುರಿನಿಂದ ಯಾರಾದರೂ ಬಂದರೆ ನೀವು ಇನ್ನೊಬ್ಬರ ಹೊಸ್ತಿಲು ಹತ್ತಿ ದಾರಿ ಬಿಡಬೇಕು. ನೀಲಿ ನೀರಿನ ಡ್ರಮ್ಮು, ಒಣಹಾಕಿದ ಬಟ್ಟೆ, ಕುಕ್ಕರಿನ ಕೂಗು. ಒಂದು ಮನೆಯಲ್ಲಿ ಕನ್ನಡ ಧಾರಾವಾಹಿ, ಪಕ್ಕದಲ್ಲಿ ತಮಿಳು ಹಾಡು, ಮಹಡಿಯಿಂದ ಹಿಂದಿಯಲ್ಲಿ ಫೋನು.

ನಿಮ್ಮ ಮುಂದೆ ಗುಲಾಬಿ ಸೀರೆಯ ಹೆಂಗಸೊಬ್ಬರು ಹೆಗಲಿಗೆ ಚೀಲ ಹಾಕಿಕೊಂಡು ಸರಸರ ನಡೆಯುತ್ತಿದ್ದಾರೆ. ಅವರ ಹಿಂದೆಯೇ ಹೋಗಿ. ಅವರು ಆಶಾ ಕಾರ್ಯಕರ್ತೆ. ಹೆಸರು ಬೇಡ, ರಾಜ್ಯದ ಸುಮಾರು 42 ಸಾವಿರ ಆಶಾಗಳ ಪೈಕಿ ಬೆಂಗಳೂರಿನ ಇಂಥ ಓಣಿಗಳಲ್ಲಿ ಓಡಾಡುವ ಯಾರಾದರೂ ಆಗಿರಬಹುದು. ಓಣಿಯವರಿಗೆ ಅವರು ಬರೀ ‘ಅಕ್ಕ’. ನಗರದ ನಿಯಮದಂತೆ ಒಬ್ಬ ಆಶಾಗೆ 200ರಿಂದ 500 ಮನೆಗಳು. ಅಷ್ಟೂ ಮನೆಗಳ ಬಸುರಿ, ಬಾಣಂತಿ, ಕೂಸು, ಬಿಪಿ, ಸಕ್ಕರೆ, ಕ್ಷಯ ಎಲ್ಲವೂ ಆ ಚೀಲದ ಡೈರಿಯಲ್ಲಿದೆ.

“ವಾಂಗ ಅಕ್ಕಾ,” ಒಳಗಿನಿಂದ ಅಜ್ಜಿಯ ದನಿ. ನೀವೂ ಚಪ್ಪಲಿ ಬಿಟ್ಟು ಬನ್ನಿ, ಆದರೆ ಬಾಗಿಲ ಬಳಿಯೇ ನಿಲ್ಲಿ. ಹತ್ತಡಿಗೆ ಹತ್ತಡಿ ಕೋಣೆಯಲ್ಲಿ ನಾಲ್ಕನೆಯವರಿಗೆ ಜಾಗವಿಲ್ಲ. ಸಾಂಬ್ರಾಣಿ ಹೊಗೆ ಇನ್ನೂ ತೇಲುತ್ತಿದೆ. ಚಾಪೆಯ ಮೇಲೆ ಬಾಣಂತಿ, ಪಕ್ಕದಲ್ಲಿ ಹುಟ್ಟಿ ಏಳು ದಿನವಾದ ಕೂಸು.

“ಹೆಂಗಿದ್ದೀಯಮ್ಮ? ಪಾಪು ಹಾಲು ಕುಡೀತಿದ್ಯಾ?”

ಉತ್ತರ ಕೊಟ್ಟಿದ್ದು ಅಜ್ಜಿ. “ರಾತ್ರಿಯಿಂದ ಸರಿಯಾಗಿ ಎಳೀತಿಲ್ಲ. ಉಸಿರು ನೋಡಿ, ಎಷ್ಟು ಜೋರು. ಯಾರದೋ ಕಣ್ಣು ಬಿದ್ದಿದೆ. ಬೆಳಿಗ್ಗೇನೇ ದೃಷ್ಟಿ ತೆಗೆದೆ.”

“ತೆಗೆದಿದ್ದು ಒಳ್ಳೇದಾಯ್ತು ಅಜ್ಜಿ. ನಾನೂ ಒಂದ್ಸಲ ನೋಡ್ತೀನಿ.”

ಅಕ್ಕ ಬಳೆ ಮೇಲೇರಿಸಿ, ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದು ಬಂದರು. ಕೂಸಿನ ಅಂಗಿ ಮೇಲೆತ್ತಿದರು. ಕಣ್ಣು ಹೊಟ್ಟೆಯ ಮೇಲೆ, ಬೆರಳ ತುದಿಯಲ್ಲಿ ಹಿಡಿದ ಕೈಗಡಿಯಾರ ಆ ಹೊಟ್ಟೆಯ ಪಕ್ಕಕ್ಕೇ. ತುಟಿ ಅಲುಗುತ್ತಿದೆ, ದನಿಯಿಲ್ಲ. ನೀವೂ ಎಣಿಸಲು ನೋಡಿ. ಇಪ್ಪತ್ತರ ಹೊತ್ತಿಗೆ ತಪ್ಪಿಹೋಗುತ್ತದೆ. ನವಜಾತ ಶಿಶುವಿನ ಉಸಿರಿಗೆ ಲಯವಿರುವುದಿಲ್ಲ; ಸ್ವಲ್ಪ ಹೊತ್ತು ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಅದಕ್ಕೇ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವಂತಿಲ್ಲ. ಪೂರ್ತಿ ಒಂದು ನಿಮಿಷ.

“ಅರವತ್ಮೂರು.”

ಬಾಣಂತಿಯ ಮುಖ ಬಿಳಿಚಿತು. ಅರವತ್ತು ದಾಟಿದರೆ ಅಪಾಯ ಎಂದು ಹೋದ ಸಲವೇ ಅಕ್ಕ ಹೇಳಿಹೋಗಿದ್ದರು. ಅಜ್ಜಿ ಮಗನಿಗೆ ಫೋನು ಮಾಡಲು ಎದ್ದರು. ಅಕ್ಕ ಮಾತ್ರ ಅಲ್ಲಾಡಲಿಲ್ಲ. “ಇರಿ, ಪಾಪು ಕೈಕಾಲು ಆಡಿಸ್ತಿತ್ತು. ಸುಮ್ಮನಾಗ್ಲಿ, ಇನ್ನೊಂದ್ಸಲ ಎಣಿಸ್ಬೇಕು.” ಕೂಸು ಶಾಂತವಾದ ಮೇಲೆ ಮತ್ತೊಂದು ಪೂರ್ತಿ ನಿಮಿಷ. ಈ ಸಲ ಐವತ್ತೆರಡು. ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೆಯುತ್ತಿಲ್ಲ. ಕಂಕುಳಲ್ಲಿಟ್ಟ ಥರ್ಮಾಮೀಟರಿನಲ್ಲಿ ಜ್ವರವಿಲ್ಲ. ಜೋಲಿತಕ್ಕಡಿಗೆ ಹಾಕಿದರೆ ಹುಟ್ಟಿದಾಗಿನ 2.7 ಕೆ.ಜಿ.ಗೆ ಈಗ 2.6. ಮೊದಲ ವಾರದಲ್ಲಿ ತೂಕ ಅಷ್ಟು ಇಳಿಯುವುದು ಸಹಜ ಎಂಬುದು ಅಕ್ಕನಿಗೆ ಗೊತ್ತು. ಅಂಗಾಲು ಮುಟ್ಟಿದರು: ತಣ್ಣಗಿದೆ. ಬೆಳಿಗ್ಗೆ ಎರೆದು, ಫ್ಯಾನಿನ ಕೆಳಗೆ ಮಲಗಿಸಿದ್ದಾರೆ. ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಒರಗಿಸಿ, ಮೇಲೆ ಸೆರಗು ಹೊದಿಸಿ, ಬಾಯಿ ಅಗಲವಾಗಿ ತೆರೆದು ಮೊಲೆ ಹಿಡಿಯುವಂತೆ ಸರಿಪಡಿಸಿದರು. ಸ್ವಲ್ಪ ಹೊತ್ತಿಗೆ ಚಪ್ಪರಿಸುವ ಸದ್ದು. ಸಂಜೆ ಮತ್ತೆ ಬಂದು ನೋಡುವೆ, ಅಷ್ಟರಲ್ಲಿ ಹಾಲು ಬಿಟ್ಟರೆ, ಮೈ ಜೋಲುಬಿದ್ದರೆ ಕಾಯಬೇಡಿ, ನೇರ ವಾಣಿವಿಲಾಸ ಆಸ್ಪತ್ರೆಗೆ ಹೊರಡಿ ಎಂದು ಅಜ್ಜಿಗೆ ತಮಿಳಿನಲ್ಲಿ, ಬಾಣಂತಿಗೆ ಕನ್ನಡದಲ್ಲಿ ಹೇಳಿ ಅಕ್ಕ ಎದ್ದರು.

ನೀವು ನೋಡಿದ್ದು ಇಷ್ಟೇ. ಔಷಧಿ ಕೊಡಲಿಲ್ಲ, ಸೂಜಿ ಚುಚ್ಚಲಿಲ್ಲ. ತರಬೇತಿ ಇಲ್ಲದವರು ಈ ಮನೆಯಲ್ಲಿ ಎರಡರಲ್ಲಿ ಒಂದು ಮಾಡುತ್ತಿದ್ದರು: ಅಜ್ಜಿಯ ಮಾತಿಗೆ ತಲೆದೂಗಿ ಹೊರಟುಬಿಡುತ್ತಿದ್ದರು, ಇಲ್ಲವೇ ಅರವತ್ತಮೂರು ಕೇಳಿದೊಡನೆ ಹಸಿ ಬಾಣಂತಿಯನ್ನು ಅಂಡರ್‌ಪಾಸಿನ ಟ್ರಾಫಿಕ್ಕಿಗೆ ಹೊರಡಿಸುತ್ತಿದ್ದರು. ‘ಇನ್ನೊಂದು ಸಲ ಎಣಿಸು’ ಎಂಬ ನಿಯಮವನ್ನು ಯಾರೋ ಒಂದು ಕೋಣೆಯಲ್ಲಿ ಕೂರಿಸಿ ಈಕೆಗೆ ಕಲಿಸಿದ್ದಾರೆ. ಆ ಕೋಣೆಗೆ, ಕಲಿಸಿದವರಿಗೆ, ಆ ದಿನದ ಊಟಕ್ಕೆ, ಬಸ್ ಚಾರ್ಜಿಗೆ, ಕೈಗಡಿಯಾರಕ್ಕೆ, ತಕ್ಕಡಿಗೆ ಯಾರೋ ಹಣ ಕೊಟ್ಟಿದ್ದಾರೆ. ಈ ಲೇಖನ ಆ ಹಣದ ಬಗ್ಗೆ.

ಕೂಸಿನ ಮನೆಗೆ ಹೋಗಿ ಉಸಿರು ಎಣಿಸುವ ಈ ಪದ್ಧತಿಯ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಡಾಕ್ಟರ್ ಅಭಯ್ ಬಂಗ್, ರಾಣಿ ಬಂಗ್ ದಂಪತಿಯ ‘ಸರ್ಚ್’ ಸಂಸ್ಥೆ ಅಲ್ಲಿನ 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ನವಜಾತ ಶಿಶುವಿನ ಆರೈಕೆ ಕಲಿಸಿತು. ಮೂರನೆಯ ವರ್ಷಕ್ಕೆ ನವಜಾತ ಶಿಶುಗಳ ಸಾವು, ಹೋಲಿಕೆಗೆಂದು ಆರಿಸಿಕೊಂಡ ಹಳ್ಳಿಗಳಿಗಿಂತ ಶೇ 62ರಷ್ಟು ಇಳಿಯಿತು. ಒಂದು ಕೂಸಿಗೆ ತಗುಲಿದ ಖರ್ಚು 5.3 ಡಾಲರ್. 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. ಮುಂದೆ ಇದೇ ಮಾದರಿ ದೇಶದ ಆಶಾಗಳ ಕೈಗೆ ಬಂತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಹೀಗೆ ಆರು ಭೇಟಿ. ಇದನ್ನು ಕಲಿಸಲು ಆರಂಭದ ಎಂಟು ದಿನಗಳ ತರಬೇತಿಯ ಮೇಲೆ, ಐದೈದು ದಿನಗಳ ನಾಲ್ಕು ಸುತ್ತು, ಒಟ್ಟು 20 ದಿನ ಎಂದು ಲೆಕ್ಕ ಹಾಕಲಾಯಿತು. ಆರೂ ಭೇಟಿ ಮುಗಿಸಿ, ಹುಟ್ಟುತೂಕ ಬರೆದು, ಜನನ ನೋಂದಣಿ ಮಾಡಿಸಿ, ಲಸಿಕೆ ಹಾಕಿಸಿ, 42ನೇ ದಿನಕ್ಕೆ ತಾಯಿ, ಮಗು ಇಬ್ಬರೂ ಕ್ಷೇಮವಾಗಿದ್ದರೆ ಆಶಾಗೆ ಸಿಗಬೇಕಾದದ್ದು 250 ರೂಪಾಯಿ.

ಅಕ್ಕ ಆಗಲೇ ಮುಂದಿನ ಮನೆಯಲ್ಲಿದ್ದಾರೆ. ಈ ಸಲ ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ, ಕ್ಯಾನ್ಸರ್ ಅಪಾಯ ಅಳೆಯುವ ಫಾರಂ. ಒಂದು ಫಾರಂ ತುಂಬಿದರೆ ಹತ್ತು ರೂಪಾಯಿ. ಬೀಡಿ ಉಂಟಾ, ಕುಡಿತ ಉಂಟಾ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಉಂಟಾ? ಸೊಂಟದ ಸುತ್ತಳತೆ ಎಷ್ಟು? ಮನೆಯ ಯಜಮಾನರು ಲೋಡಿಂಗ್ ಕೆಲಸ ಮುಗಿಸಿ ಬಂದು ಕೂತಿದ್ದಾರೆ. ಅಕ್ಕ ಟೇಪನ್ನು ಅವರ ಹೆಂಡತಿಯ ಕೈಗೆ ಕೊಟ್ಟರು. “ನೀವೇ ಹಿಡೀರಿ, ನಾನು ಓದ್ತೀನಿ.” 94 ಸೆಂಟಿಮೀಟರ್, ಗಂಡಸಿಗೆ 90 ದಾಟಿದರೆ ಒಂದು ಅಂಕ. ಎಲ್ಲ ಕೂಡಿ ನಾಲ್ಕು ದಾಟಿತು. “ನಾಳೆ ಬೆಳಿಗ್ಗೆ ನಮ್ಮ ಕ್ಲಿನಿಕ್‌ಗೆ ಬನ್ನಿ ಅಣ್ಣ, ರಕ್ತ ನೋಡಿಸೋಣ. ದುಡ್ಡಿಲ್ಲ.”

ಹೊರಡುವಾಗ ಹೆಂಡತಿ ಬಾಗಿಲವರೆಗೆ ಬಂದು ದನಿ ತಗ್ಗಿಸಿದರು. “ಅಕ್ಕಾ, ದೊಡ್ಡ ಹುಡುಗ ಯಾರ ಹತ್ರಾನೂ ಮಾತಾಡಲ್ಲ. ಒಂದು ತಿಂಗಳಾಯ್ತು. ಊಟಾನೂ ಬಿಟ್ಟಿದ್ದಾನೆ.”

ಅಲ್ಲಿಯವರೆಗೆ ಒಂದು ಪ್ರಶ್ನೆಗೂ ತಡವರಿಸದ ಅಕ್ಕ ಈಗ ತಡವರಿಸಿದರು. ಮೊಬೈಲಿನಲ್ಲಿ ಹುಡುಕಿ 14416 ಎಂಬ ಟೆಲಿಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರು ಬರೆದುಕೊಟ್ಟರು. ಇಂಥ ಹುಡುಗನನ್ನು ಏನು ಕೇಳಬೇಕು, ಏನು ಕೇಳಬಾರದು, ಯಾವ ಮಾತು ಬಂದರೆ ಅವನನ್ನು ಒಂಟಿಯಾಗಿ ಬಿಡಬಾರದು ಎಂಬುದನ್ನು ಈ ಅಕ್ಕನಿಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. 2005ರ ಏಪ್ರಿಲ್‌ನಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಮುಖ್ಯವಾಗಿ ಹೆರಿಗೆ, ಲಸಿಕೆಗಳಿಗೆಂದು ಬಂದವರು. 2013ರಲ್ಲಿ ನಗರ ಅಭಿಯಾನ ಬಂತು. ಆಮೇಲೆ ಕ್ಷಯ, ಕುಷ್ಠ, ಸಕ್ಕರೆ, ವೃದ್ಧರು, ಮನೋರೋಗ, ಮೊಬೈಲ್ ಆ್ಯಪ್ ಒಂದರ ಮೇಲೊಂದು ಬಿದ್ದವು. ಕೆಲಸ ಸುತ್ತೋಲೆಯಲ್ಲಿ ಮೊದಲು ಬರುತ್ತದೆ. ಅದನ್ನು ಕಲಿಸುವ ಹಣ ಹಿಂದೆ ಉಳಿಯುತ್ತದೆ.

ಆ ಹಣ ಎಲ್ಲಿ ತೀರ್ಮಾನವಾಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ರೈಲ್ವೆ ಹಳಿಯ ಆಚೆ, ಮಾಗಡಿ ರಸ್ತೆ ಒಂದನೇ ಕ್ರಾಸಿಗೆ ಬನ್ನಿ. ಆಟೊ ಹತ್ತಿದರೆ ಮೀಟರು ಹೆಚ್ಚು ಓಡುವುದಿಲ್ಲ. ಇಲ್ಲಿ ಆರೋಗ್ಯ ಇಲಾಖೆಯ ಆರೋಗ್ಯ ಸೌಧ ಇದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ರಾಜ್ಯ ಕಚೇರಿ ಇರುವುದೂ ಇಲ್ಲೇ. ಸಿಬ್ಬಂದಿ ತರಬೇತಿ ನೋಡಿಕೊಳ್ಳುವ ರಾಜ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆಯೂ ಇದೇ ಕ್ರಾಸಿನಲ್ಲಿ. ಓಕಳಿಪುರಂ ವಾರ್ಡು ಸೇರಿದ್ದು ಗಾಂಧಿನಗರ ವಿಧಾನಸಭಾ ಕ್ಷೇತ್ರಕ್ಕೆ. ಅಲ್ಲಿನ ಶಾಸಕ ದಿನೇಶ್ ಗುಂಡೂರಾವ್ 2023ರಲ್ಲಿ ಆರೋಗ್ಯ ಸಚಿವರಾದರು. ಹಣ ಹಂಚುವ ಕಚೇರಿ, ತರಬೇತಿಯ ಸಂಸ್ಥೆ, ಸಚಿವರ ಕ್ಷೇತ್ರ, ಸೌಲಭ್ಯ ಸಾಲದ ಓಣಿ ಎಲ್ಲವೂ ಒಂದೇ ಬೆಳಿಗ್ಗೆ ಕಾಲ್ನಡಿಗೆಯಲ್ಲಿ ಮುಗಿಸುವಷ್ಟು ಹತ್ತಿರ ಇರುವ ಜಾಗ ರಾಜ್ಯದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಹಣ ಬರುವ ದಾರಿ ಮಾತ್ರ ಹತ್ತಿರದ್ದಲ್ಲ. ಯಾವ ತರಬೇತಿ, ಎಷ್ಟು ತಂಡ, ಎಷ್ಟು ದಿನ ಎಂದು ರಾಜ್ಯ ಪ್ರಸ್ತಾವ ಬರೆಯಬೇಕು. ಅದು ದೆಹಲಿಗೆ ಹೋಗಬೇಕು, ಚರ್ಚೆಯಾಗಿ ಅನುಮೋದನೆ ಬರಬೇಕು. ನೂರು ರೂಪಾಯಿಯಲ್ಲಿ 60 ಕೇಂದ್ರದ್ದು, 40 ರಾಜ್ಯದ್ದು. ಅದು ಖಜಾನೆ ದಾಟಿ ಜಿಲ್ಲೆಗೆ, ಪಾಲಿಕೆಗೆ ಇಳಿದ ಮೇಲೆ ರಾಜ್ಯದ ತರಬೇತುದಾರರು ಜಿಲ್ಲೆಯವರಿಗೆ, ಅವರು ಆಶಾಗೆ ಕಲಿಸಬೇಕು. ಯಾವುದೇ ಮೆಟ್ಟಿಲಲ್ಲಿ ತಡವಾದರೂ ಪೆಟ್ಟು ಬೀಳುವುದು ಕೊನೆಯ ಮೆಟ್ಟಿಲಿಗೆ. ಸಂಬಳ ನಿಲ್ಲಿಸಿದರೆ ಗಲಾಟೆಯಾಗುತ್ತದೆ, ಔಷಧಿ ನಿಂತರೆ ಪತ್ರಿಕೆಯಲ್ಲಿ ಬರುತ್ತದೆ. ಐದು ದಿನದ ತರಬೇತಿ ಎರಡು ದಿನಕ್ಕೆ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಇಳಿದಾಗ ಏನು ಹೋಗುತ್ತದೆ? ಅದಕ್ಕೆ ಒಂದು ತರಬೇತಿ ಕೋಣೆಯ ಹಿಂದಿನ ಬೆಂಚಿನಲ್ಲಿ ಕೂರಿ. ಮೂವತ್ತು ಗುಲಾಬಿ ಸೀರೆಗಳು ಅರ್ಧಚಂದ್ರಾಕಾರದಲ್ಲಿ ಕೂತಿವೆ. ಮಧ್ಯದಲ್ಲಿ ರಬ್ಬರಿನ ಬೊಂಬೆ. ಒಬ್ಬಾಕೆ ಬಾಣಂತಿ, ಒಬ್ಬಾಕೆ ಆಶಾ, ಮತ್ತೊಬ್ಬಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅತ್ತೆಯಾಗಿದ್ದಾಳೆ. “ನಾನು ಆರು ಹೆತ್ತೋಳು, ನಿನ್ನಿಂದ ಕಲೀಬೇಕಾ?” ಅತ್ತೆಯ ಅಬ್ಬರಕ್ಕೆ ಕೋಣೆಯೆಲ್ಲ ನಗು. ಆಶಾ ಪಾತ್ರದವಳು ವಾದಕ್ಕೆ ಇಳಿದುಬಿಟ್ಟಳು. ತರಬೇತುದಾರರು ನಿಲ್ಲಿಸಿದರು: “ಅತ್ತೆ ಹತ್ರ ಗೆದ್ದುಬಿಟ್ರೆ ಆ ಮನೆ ಬಾಗಿಲು ಮತ್ತೆ ತೆರೆಯಲ್ಲಮ್ಮ. ಇನ್ನೊಂದ್ಸಲ ಮಾಡಿ.” ದೃಷ್ಟಿ ತೆಗೆದ ಅಜ್ಜಿಗೆ ‘ಒಳ್ಳೇದಾಯ್ತು’ ಎಂದ ಅಕ್ಕ ಆ ಜಾಣ್ಮೆ ಕಲಿತದ್ದು ಇಂಥ ಕೋಣೆಯಲ್ಲಿ. ತರಬೇತಿ ಎರಡು ದಿನಕ್ಕೆ ಕುಗ್ಗಿದಾಗ, ಇಲ್ಲವೇ ಮೊಬೈಲ್ ಪರದೆಗೆ ಹೋದಾಗ ಮೊದಲು ಹಾರಿಹೋಗುವುದು ಈ ಅತ್ತೆ, ಈ ಬೊಂಬೆ, ಈ ‘ಇನ್ನೊಂದ್ಸಲ ಮಾಡಿ’. ಉಳಿಯುವುದು ಸ್ಲೈಡುಗಳು ಮತ್ತು ಹಾಜರಿ ಪುಸ್ತಕದ ಸಹಿ.

ದುಡ್ಡು ನಿಂತರೆ ಏನಾಗುತ್ತದೆ ಎಂಬುದನ್ನು ದೇಶ ಒಮ್ಮೆ ನೋಡಿದೆ. 1977ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆ ತಂದಿತು. ಆಯ್ಕೆಯಾದವರಿಗೆ ಮೂರು ತಿಂಗಳ ತರಬೇತಿ. ಕಲಿಯುವಾಗ ತಿಂಗಳಿಗೆ 200 ರೂಪಾಯಿ ಭತ್ಯೆ, ಊರಿಗೆ ಹೋಗಿ ಕೆಲಸ ಶುರು ಮಾಡಿದ ಮೇಲೆ 50 ರೂಪಾಯಿ ಗೌರವಧನ. ಕಲಿಯುವವರ ಹೊಟ್ಟೆಪಾಡು ನಡೆಯಬೇಕು ಎಂಬ ತಿಳಿವಳಿಕೆ ಆ ಲೆಕ್ಕದಲ್ಲಿತ್ತು. ಆದರೆ ಮುಂದಿನ ವರ್ಷಗಳಲ್ಲಿ ಮರುತರಬೇತಿ ಸೊರಗಿತು, ಮೇಲ್ವಿಚಾರಣೆ ಸೊರಗಿತು, 50 ರೂಪಾಯಿ 50ರಲ್ಲೇ ನಿಂತಿತು. ಹೆಸರುಗಳು ಬದಲಾದವು, ಯೋಜನೆ ಮಾತ್ರ ಮೆಲ್ಲಗೆ ಸತ್ತಿತು. ಬೆಂಗಳೂರಿಗೂ ಇಂಥದ್ದೊಂದು ಪಾಠವಿದೆ. 1990ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಐಪಿಪಿ-8 ಯೋಜನೆ ನಗರದ ಕೊಳೆಗೇರಿಗಳಲ್ಲಿ ಆರೋಗ್ಯ ಕೇಂದ್ರ ಕಟ್ಟಿತು, ಅಲ್ಲಿನ ಹೆಂಗಸರನ್ನೇ ಮನೆಗಳಿಗೂ ಕೇಂದ್ರಕ್ಕೂ ಕೊಂಡಿಯಾಗುವ ಲಿಂಕ್ ವರ್ಕರ್‌ಗಳನ್ನಾಗಿ ತಯಾರು ಮಾಡಿತು. ಯೋಜನೆಗೆ ಮುಗಿಯುವ ತಾರೀಕು ಇತ್ತು. ಕೊಳೆಗೇರಿಯ ಬಸುರಿ, ಬಾಣಂತಿಯರಿಗೆ ಅಂಥ ತಾರೀಕು ಇರಲಿಲ್ಲ.

ಈಗ ಮೆಜೆಸ್ಟಿಕ್ ದಾಟಿ ಫ್ರೀಡಂ ಪಾರ್ಕಿಗೆ ಬನ್ನಿ. 2020ರ ಜನವರಿ 3ರಂದು ಓಕಳಿಪುರಂ ಬೆನ್ನಿಗಿರುವ ರೈಲು ನಿಲ್ದಾಣದಲ್ಲಿ ಇಳಿದ ಸಾವಿರಾರು ಆಶಾಗಳು ಇದೇ ದಾರಿಯಲ್ಲಿ ಮೆರವಣಿಗೆ ಬಂದರು. 2025ರ ಜನವರಿ 7ರಿಂದ 10ರವರೆಗೆ ಮತ್ತೆ ಇಲ್ಲೇ ಹಗಲು ರಾತ್ರಿ ಕೂತರು. ಕೇಳಿದ್ದು ತಿಂಗಳಿಗೆ 15 ಸಾವಿರ ರೂಪಾಯಿ ನಿಶ್ಚಿತ ಗೌರವಧನ. ಏಪ್ರಿಲ್‌ನಿಂದ ಕನಿಷ್ಠ 10 ಸಾವಿರ ಸಿಗುವಂತೆ ಮಾಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಭರವಸೆ ಕೊಟ್ಟರು. ಅದು ಜಾರಿಗೆ ಬರಲಿಲ್ಲ ಎಂದು ಆಗಸ್ಟ್‌ನಲ್ಲಿ ಅವರು ಮತ್ತೆ ಬೀದಿಗಿಳಿದರು. ಗೌರವಧನ ಬೇರೆ, ತರಬೇತಿ ಬೇರೆ ಎಂದು ಕಡತದಲ್ಲಿ ಬರೆಯಬಹುದು. ಆಶಾ ಮನೆಯಲ್ಲಿ ಎರಡೂ ಒಂದೇ ಪರ್ಸಿಗೆ ಸೇರಿದ್ದು. ಮಾಡಿದ ಕೆಲಸಕ್ಕೆ ಇಷ್ಟಿಷ್ಟು ಎಂದು ಪ್ರೋತ್ಸಾಹಧನ ಎಣಿಸುವ ಪದ್ಧತಿಯಲ್ಲಿ ಐದು ದಿನ ತರಬೇತಿಗೆ ಕೂತವರ ಓಣಿ ಐದು ದಿನ ಖಾಲಿ. ದಿನಭತ್ಯೆ ತಡವಾಗಿ ಕೈಸೇರಿದರೆ ತರಬೇತಿ ಎಂಬುದು ಅವಳ ಕೈಯಿಂದ ಹೋಗುವ ಖರ್ಚಾಗುತ್ತದೆ. ಸಾಲದ ದುಡಿಮೆಯಿಂದ ಬೇಸತ್ತು ಒಬ್ಬ ಅನುಭವಿ ಆಶಾ ಕೆಲಸ ಬಿಟ್ಟರೆ ಅವಳ ಮೇಲೆ ಸರ್ಕಾರ ಹಾಕಿದ ಅಷ್ಟೂ ದಿನಗಳ ತರಬೇತಿ ಅವಳೊಂದಿಗೇ ಹೋಗುತ್ತದೆ. ಹೊಸಬಳಿಗೆ ಮೊದಲಿನಿಂದ ಶುರು.

ಏನು ಮಾಡಬೇಕು ಎಂಬುದು ಅಷ್ಟೇನೂ ಗೂಢವಲ್ಲ. ಹೊಸ ಕೆಲಸದ ಸುತ್ತೋಲೆ ಹೊರಡುವಾಗ ಅದರ ತರಬೇತಿಯ ಹಣವೂ ಅದೇ ದಿನ ಹೊರಡಬೇಕು. ತರಬೇತಿಯ ದಿನಭತ್ಯೆ ಕೊನೆಯ ದಿನವೇ ಖಾತೆಗೆ ಬೀಳಬೇಕು. ಪ್ರತಿವರ್ಷ ಮರುತರಬೇತಿ ಕಡ್ಡಾಯವಾಗಿ ಆಯವ್ಯಯದ ಸಾಲಾಗಬೇಕು. ಉಳಿದರೆ ಮಾಡುವ ಕೆಲಸ ಆಗಬಾರದು. ಓಕಳಿಪುರಂ, ಶ್ರೀರಾಮಪುರ, ಬಿನ್ನಿಪೇಟೆಯಂಥ ಕಡೆ ಕಲಿಸುವವರಿಗೆ ತಮಿಳು, ಉರ್ದು, ತೆಲುಗು ಮಾತಾಡುವ ಮನೆಗಳ ಒಳಹೊರಗು ಗೊತ್ತಿರಬೇಕು. 2022ರ ಕೊನೆಯಲ್ಲಿ ಶುರುವಾದ ನಮ್ಮ ಕ್ಲಿನಿಕ್‌ನಲ್ಲಿ ವೈದ್ಯರು, ನರ್ಸ್, ಲ್ಯಾಬ್ ಎಲ್ಲವೂ ಒಂದೇ ಸೂರಿನಡಿ ಸಿಗುತ್ತಿವೆ. ತಿಂಗಳಿಗೊಂದು ಮಧ್ಯಾಹ್ನ ಅಲ್ಲೇ ಆಶಾಗಳನ್ನು ಕೂರಿಸಿ ಕಲಿಸಲು ಹೊಸ ಕಟ್ಟಡ ಬೇಕಿಲ್ಲ. ಸಾಮಾಜಿಕ ಹೊಣೆಯ ಹಣವನ್ನು ಯಂತ್ರ ಕೊಡಿಸಿ ಫಲಕ ಹಾಕಿಸಲು ವ್ಯಯಿಸುವ ಬೆಂಗಳೂರಿನ ಕಂಪನಿಗಳು ಒಂದು ತಂಡದ ತರಬೇತಿಯನ್ನು ಮೂರು ವರ್ಷ ಸತತವಾಗಿ ಹೊತ್ತುಕೊಂಡರೆ ಅದರ ಫಲ ಫಲಕಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಆದರೆ ಮೂಲ ಹೊಣೆ ಸರ್ಕಾರದ್ದೇ. ದಾನದ ಹಣಕ್ಕೆ ಮುಗಿಯುವ ತಾರೀಕು ಇದ್ದೇ ಇರುತ್ತದೆ.

ನಿಮ್ಮ ಬಡಾವಣೆಯಲ್ಲೂ ಗುಲಾಬಿ ಸೀರೆಯ ಒಬ್ಬರು ಬಂದು ಬಾಗಿಲು ಬಡಿದಿರುತ್ತಾರೆ. ಮುಂದಿನ ಸಲ ಬಂದಾಗ ಕೂರಿಸಿ, ನೀರು ಕೊಟ್ಟು ಕೇಳಿ: “ಕೊನೆಯ ಸಲ ಟ್ರೇನಿಂಗ್ ಆಗಿದ್ದು ಯಾವಾಗ ಅಕ್ಕ? ಎಷ್ಟು ದಿನ ಇತ್ತು? ಭತ್ಯೆ ಬಂತಾ?” ಬಂದ ಉತ್ತರವನ್ನು ಬರೆದಿಟ್ಟುಕೊಂಡು ನಿಮ್ಮ ಶಾಸಕರಿಗೆ ಕಳಿಸಿ. ರಸ್ತೆ ಗುಂಡಿಗೆ, ಕಸದ ಲಾರಿಗೆ ದೂರು ಕೊಡುವ ನಾವು ಈ ಒಂದು ಪ್ರಶ್ನೆಯನ್ನೂ ಅದೇ ಗಟ್ಟಿ ದನಿಯಲ್ಲಿ ಕೇಳುವವರೆಗೆ ತರಬೇತಿಯ ಹಣ ಎಲ್ಲರಿಗಿಂತ ಮೊದಲು ಕಡಿತವಾಗುತ್ತಲೇ ಇರುತ್ತದೆ.